ಸಮುದ್ರವೋ, ಕಾಡೋ? ಊರು ಬಿಡುವ ಮುಂಚೆ ನಮ್ಮ ಮನೆಯಲ್ಲಿ ಹಾಕಿದ ಲೆಕ್ಕ



ಕಳೆದ ತಿಂಗಳು ಬಲಿಪೂಜೆ ಮುಗಿದ ಮೇಲೆ ಗಾನವೃಂದದ ಪುಟ್ಟ ಹುಡುಗಿಯೊಬ್ಬಳು ನನ್ನ ಕೈಹಿಡಿದು, “ಅಕ್ಕಾ, ನೀವು ಊರು ಬಿಟ್ಟು ಹೋಗ್ತೀರಂತೆ, ಹೌದಾ?” ಎಂದು ಕೇಳಿದಳು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಆಗ ನಮ್ಮ ಮನೆಯಲ್ಲೇ ಅದಕ್ಕೆ ಉತ್ತರ ಇರಲಿಲ್ಲ. ಈಗ ಅರ್ಧ ಉತ್ತರ ಸಿಕ್ಕಿದೆ. ಅವಳಿಗೂ ನಿಮಗೂ ಅದನ್ನು ಹೇಳಬೇಕು ಅನ್ನಿಸಿತು. ನಮ್ಮ ಗುಂಪಿನಲ್ಲಿ ಇನ್ನೂ ಮೂರ್ನಾಲ್ಕು ಮನೆಗಳು ಇದೇ ಯೋಚನೆಯಲ್ಲಿವೆ ಎಂದು ನನಗೆ ಗೊತ್ತು.

ನಮ್ಮ ಮನೆ ಎಡಪ್ಪಾಡಿಯಲ್ಲಿ. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು. ಅಮ್ಮ ಕೊಳ್ಳೇಗಾಲದ ಕಡೆಯವರು. ನನಗೂ ತಮ್ಮನಿಗೂ ಕನ್ನಡ ಅಕ್ಷರ ಕಲಿಸಿದವರು ಅವರೇ. ಊರಿನ ಅರ್ಧ ಜನರಂತೆ ನಮ್ಮದೂ ತರಿ ಓಡಿಸುವ ಮನೆ. ಹೊರಗಿನವರು ಪವರ್‌ಲೂಮ್ ಎನ್ನುತ್ತಾರೆ, ನಮಗೆ ತರಿ. ಮುಂದೆ ನಾಲ್ಕು ತರಿ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಮಲಗುವ ಕೋಣೆ, ನಡುವೆ ಒಂದು ಗೋಡೆ, ಅಷ್ಟೇ. ನಾನು ಹತ್ತನೇ ತರಗತಿಗೆ ಓದಿದ್ದು ಆ ಸದ್ದಿನಲ್ಲೇ. ಶಟಲ್ ತರಿಗಳ ಸದ್ದು 90 ಡೆಸಿಬೆಲ್ ದಾಟುತ್ತದೆ ಎಂದು ಬಿ.ಎಸ್ಸಿ. ಓದುವಾಗ ಗೊತ್ತಾಯಿತು. ಅಲ್ಲಿಯವರೆಗೆ ಎಲ್ಲರ ಮನೆಯಲ್ಲೂ ಜನ ಕೂಗಿಯೇ ಮಾತಾಡುತ್ತಾರೆ ಎಂದುಕೊಂಡಿದ್ದೆ.

ಅಪ್ಪನಿಗೆ ಕೆಮ್ಮು ಶುರುವಾಗಿ ನಾಲ್ಕು ವರ್ಷ. ಅದರಲ್ಲಿ ಒಂದು ವಿಚಿತ್ರ ಇತ್ತು. ಭಾನುವಾರ ತರಿ ನಿಲ್ಲಿಸುತ್ತಾರೆ, ಪೂಜೆಗೆ ಬಂದು ಚೆನ್ನಾಗಿ ಹಾಡುತ್ತಾರೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿಯುತ್ತದೆ, ಗೋಡೆ ಹಿಡಿದು ನಿಲ್ಲುತ್ತಾರೆ. ಬುಧವಾರ, ಗುರುವಾರದ ಹೊತ್ತಿಗೆ ಸ್ವಲ್ಪ ಸುಧಾರಿಸುತ್ತದೆ. “ಸೋಮವಾರ ಕೆಲಸ ಅಂದ್ರೆ ಯಾರಿಗೆ ಇಷ್ಟ?” ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆ ತಮಾಷೆ ಈಗ ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಕೊನೆಗೆ ಒಬ್ಬ ವೈದ್ಯರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ, “ರಜೆ ಮುಗಿದ ಮೊದಲ ದಿನ ಜಾಸ್ತಿ ಆಗುತ್ತಾ?” ಎಂದು. ಹತ್ತಿಯ ಧೂಳಿನಿಂದ ಬರುವ ಈ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ಒಂದು ದಿನ ಧೂಳಿನಿಂದ ದೂರವಿದ್ದು ಮತ್ತೆ ಧೂಳಿಗೆ ಬಂದಾಗ ಎದೆ ಬಿಗಿಯುವುದು ಅದರ ಗುರುತು. ಮೊದಲ ಹಂತದಲ್ಲಿ ಧೂಳು ಬಿಟ್ಟರೆ ಸರಿಯಾಗುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶಕ್ಕೆ ಆದ ನಷ್ಟ ಮರಳಿ ಬರುವುದಿಲ್ಲ. ಅಪ್ಪ ಈ ಎರಡರ ನಡುವೆ ಇದ್ದಾರೆ ಎಂದು ವೈದ್ಯರು ಹೇಳಿದರು. “ಮಾತ್ರೆ, ಇನ್‌ಹೇಲರ್ ಎಲ್ಲ ಕೊಡ್ತೀನಿ. ಆದ್ರೆ ತರಿ ಮನೆಯಲ್ಲಿ ಮಲಗೋದು ಬಿಡಬೇಕು” ಎಂದರು.

ಆ ರಾತ್ರಿಯೇ ನಾನು ಮೊಬೈಲ್‌ನಲ್ಲಿ ಮನೆ ಹುಡುಕಲು ಕೂತೆ. ನನ್ನದು ಮೆಡಿಕಲ್ ಕೋಡಿಂಗ್ ಕೆಲಸ. ಸೇಲಂನಲ್ಲಿ ಒಂದು ವರ್ಷ ಆಫೀಸಿಗೆ ಹೋದೆ, ಈಗ ಮನೆಯಿಂದಲೇ ಮಾಡುತ್ತೇನೆ. ಕರೆಂಟು, ಇಂಟರ್ನೆಟ್ ಇದ್ದರೆ ಎಲ್ಲಿ ಕೂತರೂ ನಡೆಯುತ್ತದೆ. ಹಾಗಿದ್ದ ಮೇಲೆ ಒಳ್ಳೆಯ ಗಾಳಿ ಇರುವ ಊರಿಗೇ ಯಾಕೆ ಹೋಗಬಾರದು? ಒಂದು ಸಮುದ್ರದ ಊರು, ಇಲ್ಲವೇ ಕಾಡಿನ ಊರು. ಮನಸ್ಸಿನಲ್ಲಿ ಒಂದು ಚಿತ್ರವೂ ಬಂದಿತ್ತು: ಹೆಂಚಿನ ಮನೆ, ಅಂಗಳದಲ್ಲಿ ಕುರ್ಚಿ ಹಾಕಿ ಕೂತ ಅಪ್ಪ, ಕೆಮ್ಮಿಲ್ಲ.

ಈ ವಿಷಯವನ್ನು ನಮ್ಮ ಗುರುಗಳ ಬಳಿ ಹೇಳಿದಾಗ ಅವರು ನಕ್ಕು, “ಅಬ್ರಹಾಮನೂ ಲೋಟನೂ ಬೇರೆಯಾಗುವಾಗ ಲೋಟ ಏನು ನೋಡಿ ಜಾಗ ಆರಿಸಿದ?” ಎಂದು ಕೇಳಿದರು. ಜೋರ್ಡನ್ ಬಯಲು ಹಸಿರಾಗಿ ಕಂಡಿತು, ಅಷ್ಟನ್ನೇ ನೋಡಿ ಅವನು ಹೊರಟ. ಅಲ್ಲಿಯ ಊರುಗಳು ಎಂಥವು ಎಂದು ವಿಚಾರಿಸಲಿಲ್ಲ. “ಹಸಿರು ನೋಡಿದ ಮೇಲೆ ಬೇರೆ ಏನೇನು ನೋಡಬೇಕು ಅಂತ ಬರೆದುಕೊಂಡು ಹೋಗು” ಎಂದರು. ಹಾಗೆ ಒಂದು ನೋಟ್‌ಬುಕ್‌ನಲ್ಲಿ ಆರು ಪ್ರಶ್ನೆ ಬರೆದೆ.

ಆ ಗಾಳಿ ಅಪ್ಪನ ಎದೆಗೆ ಒಗ್ಗುತ್ತದೆಯೇ? ರಾತ್ರಿ ಉಸಿರು ಕಟ್ಟಿದರೆ ಆಸ್ಪತ್ರೆಗೆ ಎಷ್ಟು ಹೊತ್ತು? ಬಾಡಿಗೆ 6,000 ರೂಪಾಯಿಯೊಳಗೆ ಸಿಗುತ್ತದೆಯೇ? ನನ್ನ ಕೆಲಸಕ್ಕೆ ಇಂಟರ್ನೆಟ್ ನಿಲ್ಲದೆ ಬರುತ್ತದೆಯೇ? ಅಮ್ಮನಿಗೆ ಮಾತಾಡಲು ಜನ, ನಡೆದು ಹೋಗುವಷ್ಟು ದೂರದಲ್ಲಿ ದೇವಾಲಯ ಇದೆಯೇ? ಅಪ್ಪನಿಗೆ ಮಾಡಲು ಏನಾದರೂ ಕೆಲಸ ಇದೆಯೇ?

ಮೊದಲು ಏರ್ಕಾಡು. ನಮಗೆ ಹತ್ತಿರದ ಬೆಟ್ಟ ಅದೇ. ಸೇಲಂನಿಂದ 20 ತಿರುವು ಹತ್ತಿದರೆ ಸುಮಾರು 1,500 ಮೀಟರ್ ಎತ್ತರದಲ್ಲಿ ಕಾಫಿ ತೋಟ, ಸಿಲ್ವರ್ ಓಕ್ ಮರ, ಮಂಜು. ಅಪ್ಪ ಬಸ್ಸಿನಿಂದ ಇಳಿದು, “ಇಲ್ಲೇ ಇದ್ದುಬಿಡೋಣ” ಎಂದರು. ಸಂಜೆ ಆರಕ್ಕೆ ಮಂಜು ಇಳಿಯಿತು. ಏಳಕ್ಕೆ ಅಪ್ಪ ಕೆಮ್ಮಲು ಶುರು ಮಾಡಿದರು, ಹತ್ತರವರೆಗೂ ನಿಲ್ಲಲಿಲ್ಲ. ಧೂಳಿನಿಂದ ಸೊರಗಿದ ಶ್ವಾಸಕೋಶಕ್ಕೆ ತಣ್ಣನೆಯ ಗಾಳಿಯೂ ಕಷ್ಟವೇ ಎಂದು ನನಗೆ ಹೊಳೆದಿರಲಿಲ್ಲ. ಬಾಡಿಗೆ ಕೇಳಿದರೆ, ಎರಡು ಕೋಣೆಯ ಮನೆಗೆ ಹೇಳಿದ್ದು ನಮ್ಮ ಲೆಕ್ಕದ ಎರಡರಷ್ಟು. ಪ್ರವಾಸಿಗರು ಒಂದು ರಾತ್ರಿಗೆ ಕೊಡುವ ದುಡ್ಡು ಮನೆಯವರಿಗೆ ಗೊತ್ತು. ತಿಂಗಳ ಬಾಡಿಗೆಗೆ ಬರುವವರನ್ನು ಅವರು ಯಾಕೆ ಬಯಸುತ್ತಾರೆ?

ಎರಡನೆಯದು ಸಮುದ್ರ. ನಮಗೆಲ್ಲ ಸಮುದ್ರ ಅಂದರೆ ವೇಳಾಂಗಣ್ಣಿ. ಆದರೆ ಅಲ್ಲಿಯೂ ಯಾತ್ರಿಕರ ಬಾಡಿಗೆಯೇ. ಅಮ್ಮನಿಗೆ 2004ರ ಡಿಸೆಂಬರ್ 26ರ ಸುನಾಮಿ ಇನ್ನೂ ಕಣ್ಣ ಮುಂದಿದೆ, ಆ ಕರಾವಳಿ ಬೇಡವೇ ಬೇಡ ಎಂದರು. ಕನ್ನಡ ನಡೆಯುವ ಕರಾವಳಿ ನೋಡೋಣ ಎಂದು ನಾನೂ ತಮ್ಮನೂ ರೈಲು ಹತ್ತಿ ಮಂಗಳೂರಿಗೆ, ಅಲ್ಲಿಂದ ಕೊಂಕಣ ರೈಲಿನಲ್ಲಿ ಕುಮಟಾಕ್ಕೆ ಹೋದೆವು. ಸೆಪ್ಟೆಂಬರ್ ತಿಂಗಳು. ಚೆಂದದ ಊರು. ಮೀನು ಮಾರುಕಟ್ಟೆ, ಹೆದ್ದಾರಿ, ರೈಲು ನಿಲ್ದಾಣ, ಆಸ್ಪತ್ರೆ ಎಲ್ಲ ಇವೆ. ಬಾಡಿಗೆಯೂ, ಕಡಲ ತೀರ ಬಿಟ್ಟು ಒಳಗೆ ಹೋದರೆ, ನಮ್ಮ ಕೈಗೆಟುಕುವಂತಿತ್ತು. ಕಾರವಾರ ಧರ್ಮಕ್ಷೇತ್ರ 1976ರಲ್ಲಿ ಆದದ್ದು, ಆ ಕಡೆ ದೇವಾಲಯಗಳಿಗೆ ಕೊರತೆಯಿಲ್ಲ. ಕೊಂಕಣಿ ಪೂಜೆಯಲ್ಲಿ ನಮಗೆ ಪದ ಗೊತ್ತಿಲ್ಲದಿದ್ದರೂ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂಬುದು ಗೊತ್ತಿತ್ತು.

ನಾವು ನೋಡಿದ ಮನೆಯ ಅಜ್ಜಿ ಬಹಳ ಒಳ್ಳೆಯವರು. ಚಹಾ ಕೊಟ್ಟು, ಬೀರು ತೆಗೆದು ತೋರಿಸಿದರು. ಒಳಗೆ ಮಡಿಸಿಟ್ಟ ಸೀರೆಯ ಅಂಚಿನ ಮೇಲೆ ಬಿಳಿ ಬೂಷ್ಟು. “ಮಳೆಗಾಲದಲ್ಲಿ ಇದು ಇದ್ದದ್ದೇ ಮಗಾ” ಎಂದರು. ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ನಮ್ಮ ಸೇಲಂ ಕಡೆ ಬೀಳುವುದರ ಮೂರು ಪಟ್ಟು. ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗೋಡೆ ಒಣಗದಿದ್ದರೆ ಬೂಷ್ಟು, ಬೂಷ್ಟಿನ ಕಣ ಉಸಿರಿನೊಳಗೆ ಹೋದರೆ ಉಬ್ಬಸ. ಹತ್ತಿಯ ಧೂಳಿನಿಂದ ತಪ್ಪಿಸಿ ಬೂಷ್ಟಿನ ಕೈಗೆ ಕೊಟ್ಟಂತೆ. ಅಪ್ಪನಿಗೆ ಮೀನು ಹರಾಜಿನ ಲೆಕ್ಕ ಬರೆಯುವ ಕೆಲಸ ಸಿಗಬಹುದೇ ಎಂದು ತಮ್ಮ ವಿಚಾರಿಸಿದ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, ಆಗ ಆ ಕೆಲಸವೂ ಇಲ್ಲ ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದವರೊಬ್ಬರು 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದ ಕತೆ ಹೇಳಿದರು. ಎರಡೇ ವಾರಕ್ಕೆ, ಜುಲೈ 30ಕ್ಕೆ, ವಯನಾಡಿನಲ್ಲಿ ಅದಕ್ಕಿಂತ ದೊಡ್ಡ ದುರಂತ. ಹಸಿರು ಗುಡ್ಡದ ಬುಡದಲ್ಲಿ ಮನೆ ಮಾಡುವವರು ಗುಡ್ಡವನ್ನು ಎಲ್ಲಿ ಕಡಿದಿದ್ದಾರೆ ಎಂದೂ ನೋಡಬೇಕು ಎಂದು ನೋಟ್‌ಬುಕ್‌ನಲ್ಲಿ ಏಳನೇ ಪ್ರಶ್ನೆ ಸೇರಿಸಿದೆ.

ಮೂರನೆಯದು ಕಾಡು. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವು ಹತ್ತಿದರೆ ಹಾಸನೂರು, ಅದರಾಚೆ ತಾಳವಾಡಿ. ಈರೋಡು ಜಿಲ್ಲೆಯಲ್ಲಿದ್ದರೂ ತಾಳವಾಡಿ ಕನ್ನಡದ್ದೇ ಸೀಮೆ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಅಲ್ಲೇ ಇದೆ. ರೇಷನ್ ಕಾರ್ಡು ಬದಲಿಸುವ ತಲೆನೋವೂ ಇಲ್ಲ, ತಮಿಳುನಾಡಿನೊಳಗೇ ಇರುತ್ತೇವೆ. ಗಾಳಿ ಒಣ, ಹದ. ನನಗೆ ಬಹಳ ಇಷ್ಟವಾಯಿತು. ಆದರೆ ಎರಡನೇ ಪ್ರಶ್ನೆಗೆ ಬಂದಾಗ ನಿಂತೆ. ಹುಲಿ ಸಂರಕ್ಷಿತ ಅರಣ್ಯದ ಆ ರಸ್ತೆಯಲ್ಲಿ 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು ಮಾಡಿದ್ದು, ಸರಿಯಾದದ್ದೇ. ಆಂಬುಲೆನ್ಸಿಗೆ ಬಿಡುತ್ತಾರೆ. ಆದರೂ ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬಂದು, 27 ತಿರುವು ಇಳಿದು ಸತ್ಯಮಂಗಲ ಮುಟ್ಟುವವರೆಗೆ ಅಪ್ಪನ ಉಸಿರು ಕಾಯಬೇಕಲ್ಲ. ಗಟ್ಟಿ ಮುಟ್ಟು ಇರುವವರಿಗೆ ತಾಳವಾಡಿ ಒಳ್ಳೆಯ ಊರು. ನಮಗಲ್ಲ.

ಇಷ್ಟೆಲ್ಲ ಸುತ್ತಿ ಬಂದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಮೆಲ್ಲಗೆ, “ನನ್ನ ಊರಿನ ಕಡೆ ಯಾರೂ ನೋಡಲೇ ಇಲ್ಲವಲ್ಲ” ಎಂದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ನಿಜ. ಚಿತ್ರದಲ್ಲಿ ಬರುವಂಥ ಊರನ್ನು ಹುಡುಕುತ್ತಿದ್ದ ನನಗೆ ಅಜ್ಜಿಯ ಮನೆ ಕಾಣಲೇ ಇಲ್ಲ.

ಎಡಪ್ಪಾಡಿಯಿಂದ ಮೇಟ್ಟೂರು, ಕೊಳತ್ತೂರು, ಪಾಲಾರ್, ಮಲೆ ಮಹದೇಶ್ವರ ಬೆಟ್ಟ, ಕೌದಳ್ಳಿ, ಹನೂರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಹೋಗಿ ಮುಟ್ಟಬಹುದು. ಅಮ್ಮ ಮದುವೆಯಾಗಿ ಬಂದದ್ದು ವೀರಪ್ಪನ್ ಕಾಲದಲ್ಲಿ. ಆಗ ಹೊತ್ತು ಮುಳುಗಿದ ಮೇಲೆ ಈ ದಾರಿಯ ಬಸ್ ಹತ್ತಲು ಜನ ಹೆದರುತ್ತಿದ್ದರಂತೆ. ಈಗ ಅಮಾವಾಸ್ಯೆ ಬಂದರೆ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ದಾರಿಯಲ್ಲಿ ಅಪ್ಪ ಮೇಟ್ಟೂರು ಜಲಾಶಯದ ದಡದ ಪಣ್ಣವಾಡಿಯಲ್ಲಿ ಇಳಿಯೋಣ ಎಂದರು. ಆ ಬೇಸಿಗೆಯಲ್ಲಿ ನೀರು ಬಹಳ ಇಳಿದಿತ್ತು. 1934ರಲ್ಲಿ ಅಣೆಕಟ್ಟು ಮುಗಿದಾಗ ಇಲ್ಲಿಯ ಊರುಗಳು ಮುಳುಗಿದವು. ನೀರು ಕಡಿಮೆಯಾದಾಗ ಹಳೆಯ ನಂದಿಯ ವಿಗ್ರಹವೂ ಹಳೆಯ ಇಗರ್ಜಿಯ ಜೋಡಿ ಗೋಪುರವೂ ಮೇಲೆ ಕಾಣುತ್ತವೆ. ಒಂದೇ ಊರಿನ ಹಿಂದೂಗಳ ನಂದಿ, ಕ್ರೈಸ್ತರ ಗೋಪುರ, ಎರಡೂ ಒಂದೇ ನೀರಿನಲ್ಲಿ. ಅಪ್ಪ ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ, “ಇವರನ್ನ ಯಾರೂ ಎಲ್ಲಿಗೆ ಹೋಗ್ತೀರಿ ಅಂತ ಕೇಳಿರಲ್ಲ. ನಮಗೆ ಆರಿಸೋ ಭಾಗ್ಯ ಇದೆ” ಎಂದರು. ಊರು ಬಿಡುವ ಮಾತಿಗೆ ಅಪ್ಪ ಒಪ್ಪಿಕೊಂಡದ್ದು ಅಲ್ಲಿ ಎಂದು ನನಗನ್ನಿಸುತ್ತದೆ. ಅಲ್ಲಿಯವರೆಗೆ ಅವರು ನಮ್ಮ ಜೊತೆ ಬರುತ್ತಿದ್ದದ್ದು ನಮ್ಮ ಸಮಾಧಾನಕ್ಕೆ.

ಮೊದಲು ಮಾರ್ಟಳ್ಳಿಗೆ ಹೋದೆವು. ಕಾಡಂಚಿನ ಊರು, ತಮಿಳು ಮಾತಾಡುವ ಕಥೋಲಿಕರೇ ಹೆಚ್ಚು, ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದ್ದು. ಅಪ್ಪನ ತಮಿಳಿಗೂ ಅಮ್ಮನ ಕನ್ನಡಕ್ಕೂ ಒಟ್ಟಿಗೆ ಉತ್ತರ ಕೊಡುವ ಜನ. ಆದರೆ ನಾವು ನೋಡಿದ ಮನೆಯಲ್ಲಿ ನನ್ನ ಮೊಬೈಲ್‌ಗೆ ಸಿಗ್ನಲ್ ಒಂದೇ ಗೆರೆ. ಹಿಂದಿನ ವಾರವಷ್ಟೇ ಪಕ್ಕದ ಹೊಲಕ್ಕೆ ಆನೆ ಬಂದು ಹೋಗಿತ್ತು. ಅಲ್ಲಿ ಹುಟ್ಟಿ ಬೆಳೆದವರಿಗೆ ಆನೆಯ ಹೊತ್ತು ಗೊತ್ತು, ನಮಗೆ ಗೊತ್ತಿಲ್ಲ.

ಆಮೇಲೆ ಹನೂರು. ಹೇಳಿಕೊಳ್ಳುವಂಥ ನೋಟ ಏನಿಲ್ಲ. ಮುಖ್ಯ ರಸ್ತೆ, ಬಸ್ ನಿಲ್ದಾಣ, ಸಂತೆ, ದೂರದಲ್ಲಿ ಗುಡ್ಡ. ಯಾರೂ ಇಲ್ಲಿಗೆ ಫೋಟೋ ತೆಗೆಯಲು ಬರುವುದಿಲ್ಲ, ಅದಕ್ಕೇ ಬಾಡಿಗೆ ಕಡಿಮೆ. ಎರಡು ಕೋಣೆ, ಒಂದು ಅಡುಗೆಮನೆ, 4,500 ರೂಪಾಯಿ. ಹನೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಲ್ಲೇ ಕಾಮಗೆರೆ, ಅಲ್ಲಿ ಹೋಲಿ ಕ್ರಾಸ್ ಆಸ್ಪತ್ರೆ. ಘಾಟಿ ಇಳಿಯಬೇಕಿಲ್ಲ, ಕಾಡು ದಾಟಬೇಕಿಲ್ಲ. ಸಂಜೆ ಏಳಕ್ಕೆ, ಎಲ್ಲರೂ ಮೊಬೈಲ್ ನೋಡುವ ಹೊತ್ತಿನಲ್ಲಿ, ಆ ಮನೆಯ ಒಳಕೋಣೆಯಲ್ಲೇ ಕೂತು ನನ್ನ ಸಿಮ್‌ನಲ್ಲಿ ಕೆಲಸದ ಪುಟ ತೆರೆದು ನೋಡಿದೆ. ತೆರೆಯಿತು. ಸೋದರಮಾವನ ಅಂಗಡಿಯಲ್ಲಿ ಕೂರಲು ಅಪ್ಪನಿಗೆ ಒಂದು ಸ್ಟೂಲ್ ಇದೆ. ಅಮ್ಮನಿಗೆ ಮಾತಾಡಲು ಇಡೀ ಬೀದಿಯೇ ಇದೆ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ತಮಿಳುನಾಡಿನ ಮುಖ್ಯಮಂತ್ರಿ ಆರೋಗ್ಯ ವಿಮೆಯ ಕಾರ್ಡ್ ಅಪ್ಪನಿಗೆ ಆಸರೆ. ವಿಳಾಸ ಬದಲಿಸಿದರೆ ಅದು ಹೋಗುತ್ತದೆ, ಕರ್ನಾಟಕದ್ದು ಸಿಗಲು ಅಲ್ಲಿಯ ದಾಖಲೆ ಬೇಕು. ರೇಷನ್ ಮಾತ್ರ ಒಂದು ದೇಶ ಒಂದು ಕಾರ್ಡ್ ಯೋಜನೆಯಿಂದ ಬೇರೆ ರಾಜ್ಯದಲ್ಲೂ ತೆಗೆದುಕೊಳ್ಳಬಹುದು. 2023ರಲ್ಲಿ ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು, ಆದರೆ ಅದಕ್ಕೂ ಅಲ್ಲಿಯ ವಿಳಾಸದ ಗುರುತಿನ ಚೀಟಿ ಬೇಕು. ಅಮ್ಮನಿಗೆ ಇದೇ ದೊಡ್ಡ ಬೇಸರ. “ನನ್ನ ಊರಲ್ಲೇ ನಾನು ಟಿಕೆಟ್ ತಗೋಬೇಕಾ?” ಎನ್ನುತ್ತಾರೆ.

ದೊಡ್ಡ ಕಷ್ಟ ತರಿಗಳದ್ದು. ಸಾಲ ಮಾಡಿ ಕೊಂಡ ತರಿಗಳು. 2023ರಲ್ಲಿ ಸರ್ಕಾರ ತರಿಗಳಿಗೆ ಎರಡು ತಿಂಗಳಿಗೆ ಕೊಡುವ ಉಚಿತ ವಿದ್ಯುತ್ತನ್ನು 750ರಿಂದ 1,000 ಯೂನಿಟ್‌ಗೆ ಏರಿಸಿದಾಗ ಅಪ್ಪ, “ಇನ್ನು ದಡ ಸೇರಿದೆವು” ಎಂದಿದ್ದರು. ಅವನ್ನು ಮಾರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನನ್ನು ಬಿ.ಎಸ್ಸಿ. ಓದಿಸಿದ್ದು ಆ ನಾಲ್ಕು ತರಿ. ನನ್ನ ಫೀಸಿನ ಒಂದೊಂದು ರೂಪಾಯಿಯ ಹಿಂದೆ ಅಪ್ಪ ಒಳಗೆಳೆದ ಧೂಳಿದೆ. ಕೊನೆಗೆ ಎದುರು ಮನೆಯ ಅಣ್ಣನಿಗೆ ತರಿಗಳನ್ನು ಬಾಡಿಗೆಗೆ ಕೊಟ್ಟೆವು. ಮಾರುವುದು ಬಿಡುವುದು ಆಮೇಲಿನ ಮಾತು.

ಹಾಗಾಗಿ ನಮ್ಮ ತೀರ್ಮಾನ ಹೀಗೆ: ಮೊದಲು ಮೂರು ತಿಂಗಳು ಬಾಡಿಗೆಗೆ ಇದ್ದು ನೋಡುವುದು. ವಿಳಾಸ ಬದಲಿಸುವುದಿಲ್ಲ, ಜಾಗ ಕೊಳ್ಳುವುದಿಲ್ಲ, ಮನೆ ಮಾರುವುದಿಲ್ಲ. ಅಪ್ಪ ಅಮ್ಮ ಮೊದಲು ಹೋದರು. ತಮ್ಮನ ಪರೀಕ್ಷೆ ಮುಗಿಯುವವರೆಗೆ ನಾನೂ ಅವನೂ ಇಲ್ಲಿ.

ನಿಮ್ಮಲ್ಲಿ ಯಾರಾದರೂ ಊರು ಬಿಡುವ ಯೋಚನೆಯಲ್ಲಿದ್ದರೆ ನನ್ನದು ಒಂದೇ ಮಾತು. ಊರನ್ನು ಅದರ ಒಳ್ಳೆಯ ತಿಂಗಳಲ್ಲಿ ನೋಡಬೇಡಿ, ಕೆಟ್ಟ ತಿಂಗಳಲ್ಲಿ ನೋಡಿ. ಸಮುದ್ರದ ಊರನ್ನು ಜುಲೈನಲ್ಲಿ, ಬೆಟ್ಟದ ಊರನ್ನು ಡಿಸೆಂಬರ್ ರಾತ್ರಿಯಲ್ಲಿ, ಕಾಡಿನ ಊರನ್ನು ನೀರು ಬತ್ತಿದ ಏಪ್ರಿಲ್‌ನಲ್ಲಿ. ಬೀರು ತೆಗೆದು ನೋಡಿ. ಆಸ್ಪತ್ರೆಗೆ ಒಮ್ಮೆ ನೀವೇ ರಾತ್ರಿ ಹೋಗಿ ಬನ್ನಿ. ಮತ್ತೆ, ಮನೆಯಲ್ಲಿ ಸುಮ್ಮನೆ ಕೂತವರನ್ನು ಮೊದಲು ಕೇಳಿ. ನಾನು ಅಮ್ಮನನ್ನು ಮೊದಲೇ ಕೇಳಿದ್ದರೆ ಮೂರು ಪ್ರಯಾಣದ ಖರ್ಚು ಉಳಿಯುತ್ತಿತ್ತು.

ಮೊದಲ ವಾರ ಅಪ್ಪನಿಗೆ ಅಲ್ಲಿ ನಿದ್ದೆಯೇ ಬರಲಿಲ್ಲವಂತೆ. “ಸದ್ದೇ ಇಲ್ಲ ಕಣಮ್ಮ, ಏನೋ ಆಗಿಬಿಟ್ಟಿದೆ ಅನ್ಸುತ್ತೆ” ಎಂದು ಫೋನಿನಲ್ಲಿ ಹೇಳಿದರು. ತಮ್ಮ ತಕ್ಷಣ ಎದುರು ಮನೆಯ ಬಾಗಿಲಿಗೆ ಹೋಗಿ ತರಿಯ ಸದ್ದನ್ನು ಎರಡು ನಿಮಿಷ ರೆಕಾರ್ಡ್ ಮಾಡಿ ಕಳಿಸಿದ. ಅದನ್ನು ಕೇಳುತ್ತ ಮಲಗಿದರಂತೆ.

ಮೊನ್ನೆ ಮಧ್ಯಾಹ್ನ ಎರಡು ಗಂಟೆಗೆ ನಾನೇ ಫೋನ್ ಮಾಡಿದೆ. ಅಂಗಡಿಯಲ್ಲಿ ಕೂತಿದ್ದರು. ಯಾರಿಗೋ ಚಿಲ್ಲರೆ ಎಣಿಸಿ ಕೊಡುತ್ತ, ನಡುನಡುವೆ ಭಾನುವಾರದ ಹಾಡನ್ನು ಗುನುಗುತ್ತಿದ್ದರು. ಉಸಿರು ಎಲ್ಲೂ ಕಡಿಯಲಿಲ್ಲ.

“ಅಪ್ಪಾ, ಇವತ್ತು ಯಾವ ವಾರ ಗೊತ್ತಾ?” ಎಂದು ಕೇಳಿದೆ.

“ಯಾವುದು?” ಎಂದರು. ಅವರಿಗೆ ನೆನಪೇ ಇರಲಿಲ್ಲ.

ಅಂದು ಸೋಮವಾರ.

ಗಾನವೃಂದದ ಪುಟ್ಟ ಗೆಳತಿಯೇ, ಪರೀಕ್ಷೆ ಮುಗಿದ ಮೇಲೆ ನಾವೂ ಹೋಗುತ್ತೇವೆ. ಮೂರು ತಿಂಗಳಾದ ಮೇಲೆ ಏನು ಎಂದು ಆಗ ಹೇಳುತ್ತೇನೆ. ಅಲ್ಲಿಯವರೆಗೆ ಶನಿವಾರದ ಅಭ್ಯಾಸಕ್ಕೆ ತಪ್ಪದೆ ಬಾ, ನಾನಿನ್ನೂ ಇಲ್ಲೇ ಇದ್ದೇನೆ. ನಮ್ಮ ಮನೆಗಾಗಿ ಪ್ರಾರ್ಥಿಸಿ, ನಿಮಗಾಗಿ ನಾವೂ ಪ್ರಾರ್ಥಿಸುತ್ತೇವೆ.